ಕಲ್ಯಾಣಕ್ಕೆ ಮುಂಚೆ

ರೈಲೆಂದರೆ ಸರಕಾರ, ಅನ್ನುತ್ತಿದ್ದರು ಇವರು.
ಸರಕಾರದೆದುರು ಯಾರಾದರೂ ಬನಿಯನ್ನಿನಲ್ಲಿ ಕೂರುತ್ತಾರೆಯೇ?
ಪರೇಲ್ ವರ್ಕ್‌ಶಾಪಿನ ಗುಮಾಸ್ತರು.
ಇಸ್ತ್ರಿ ಪ್ಯಾಂಟು, ಬೆಲ್ಟು, ತೋಳಿನ ಗುಂಡಿ ಸಮೇತ
ನಡುಬರ್ತಿನಲ್ಲಿ ಅಂಗಾತ ಮಲಗಿ
ಬೆಳಿಗ್ಗೆ ಗೆರೆ ಮುರಿಯದೆ ಏಳುತ್ತಿದ್ದರು.
ನನಗೂ ಅದೇ ಕಾನೂನು:
ಒಳ್ಳೇ ಸೀರೆ ಉಡು,
ರಾತ್ರಿ ಏನಾದರೂ ಆಗಿ
ಹೊರಗೆಳೆದು ಹಳಿಯ ಪಕ್ಕ ಸಾಲಾಗಿ ಮಲಗಿಸಿದರೆ
ನೋಡಿದವರು ಏನಂದಾರು?

ಮೂವತ್ತೆಂಟು ವರ್ಷ
ಸಾಯಲಿಕ್ಕೆ ಉಟ್ಟುಕೊಂಡೇ ರೈಲು ಹತ್ತಿದ್ದೇನೆ.

ಈ ಸಲ ಹುಬ್ಬಳ್ಳಿಯಿಂದ ಒಬ್ಬಳೇ ಬರುವಾಗ
ಮಿರಜ ದಾಟಿದ್ದೇ
ಒಂದು ಕೈ ಪಾಯಖಾನೆಯ ಕಿಟಕಿಯ ಸರಳಿಗೆ,
ಒಂದು ಕೈ ನೆರಿಗೆಗೆ,
ಸೀರೆ ಕಳಚಿ ನೈಟಿ ತೊಟ್ಟೆ. ನೀಲಿ. ಜೇಬಿದೆ.
ಮೇಲೊಂದು ದುಪಟ್ಟಾ.
ಸಾಯನ್ನಿನ ನಮ್ಮ ಚಾಳಿನಲ್ಲಿ ಇದು ಪೂರ್ತಿ ಉಡುಪು,
ಹಾಲು ತರಲಿಕ್ಕೂ ಸಾಕು, ನೀರಿಗಾಗಿ ನಗರಸೇವಕನನ್ನು ಬೈಯಲಿಕ್ಕೂ ಸಾಕು.

ಎದುರು ಬರ್ತಿನವನು ಚಡ್ಡಿ.
ಹೆಸರು ಕೇಳಲಿಲ್ಲ, ಚಡ್ಡಿಯೇ ಅವನು.
ಚಾಚಿದ ಕಾಲು ಅರ್ಧ ನನ್ನ ಸೀಟಿನ ಮೇಲೆ,
ಎಡ ಮೊಣಕಾಲಿನಲ್ಲಿ ಹಳೇ ಹೊಲಿಗೆಯ ಗಾಯ
ಜರಿಹುಳ ಹತ್ತಿದ ಹಾಗೆ.
ಮೊಬೈಲಿನಲ್ಲಿ ಯಾರದೋ ಮದುವೆಯ ಬ್ಯಾಂಡು
ಇಡೀ ಬೋಗಿಗೆ ಕೇಳುವಂತೆ,
ತೊಡೆಯ ಮೇಲೆ ಬಿಚ್ಚಿದ ಬೆಳ್ಳುಳ್ಳಿ ಚಟ್ನಿ.
ನಾನು ಕಿಟಕಿಯ ಕಡೆ ತಿರುಗಿ ಕೆಮ್ಮಿದೆ.
ಚಡ್ಡಿಗೆ ಕೆಮ್ಮು ತಿಳಿಯಲಿಲ್ಲ.
ಚಟ್ನಿ ಬೇಕಾ ಮೌಶಿ, ಅಂದ.

ಪುಣೆ, ಒಂದೂವರೆ ರಾತ್ರಿ.
ಬಾಟಲಿ ಹಿಡಿದು ಇಳಿದೆ.
ಮೊದಲ ನಲ್ಲಿ ಒಣಗಿತ್ತು,
ಎರಡನೆಯದರಲ್ಲಿ ಯಾರೋ ಕಾಲು ತೊಳೆಯುತ್ತಿದ್ದರು,
ಮೂರನೆಯದು ದೂರ.
ಗಾಡಿ ಕೂಗಿದ್ದಿರಬಹುದು,
ನಾನು ನೀರನ್ನು ಕೇಳುತ್ತಿದ್ದೆ.
ತಿರುಗಿದರೆ ಕಿಟಕಿಗಳು ಮೆಲ್ಲಗೆ ಜಾಗ ಬದಲಿಸುತ್ತಿವೆ.

ಓಡಲಿಕ್ಕೆ ಸೀರೆಗಿಂತ ನೈಟಿ ಮೇಲು,
ಇದನ್ನು ಇವರಿಗೆ ಯಾರು ಹೇಳಬೇಕು.
ಟಿಕೇಟು ಪರ್ಸಿನಲ್ಲಿ, ಪರ್ಸು ಗಾಡಿಯಲ್ಲಿ,
ಪ್ಲಾಟ್‌ಫಾರ್ಮಿನ ಮೇಲೆ ಬರೇ ಒಂದು ನೀಲಿ ನೈಟಿ,
ಅದರೊಳಗೆ ಅರವತ್ತೊಂದು ವರ್ಷ.
ಯಾವ ಪೋಲೀಸು ಇದನ್ನು ಪ್ಯಾಸೆಂಜರು ಅಂದಾನು?

ಬಾಗಿಲಲ್ಲಿ ಆ ಮೊಣಕಾಲು.
ಮೊದಲು ಕಂಡದ್ದು ಅದೇ.
ತೋಳಿಗೆ ಒಂದು ಕೈ ಬಂತು, ಎಳೆಯಿತು,
ಹೊಲಿಗೆ ಪರ್ರನೆ ಕಂಕುಳ ತನಕ ಬಿಚ್ಚಿತು.
ಒಳಗಿದ್ದೆ.
ಅವನು ಅತ್ತ ತಿರುಗಿ ನಿಂತ,
ಗೋಡೆಯ ಮೇಲೆ ಯಾರೋ ಗೀಚಿದ ಹೆಸರುಗಳನ್ನು
ಪರೀಕ್ಷೆಗೆ ಓದುವವನ ಹಾಗೆ,
ನಾನು ಬಳೆಯಿಂದ ಪಿನ್ನು ಬಿಚ್ಚಿ
ಹರಿದದ್ದನ್ನು ಕೂಡಿಸುವವರೆಗೂ.
ಆಮೇಲೆ ಬ್ಯಾಂಡು ನಿಂತಿತು. ಯಾರೂ ಹೇಳಿರಲಿಲ್ಲ.
ಬೆಳಿಗ್ಗೆ ಎರಡು ಮಾತಾಡೋಣ ಅಂದುಕೊಂಡು
ಘಾಟಿನ ಯಾವುದೋ ಸುರಂಗದಲ್ಲಿ ನಿದ್ದೆ ಹೋದೆ.

ಕಲ್ಯಾಣ ಬರುತ್ತದೆಂದರೆ ಸಾಕು,
ಬೋಗಿಗೆ ಬೋಗಿಯೇ ಎದ್ದು ಸಿಂಗರಿಸಿಕೊಳ್ಳುತ್ತದೆ.
ಲುಂಗಿಗಳ ಒಳಗಿಂದ ಪ್ಯಾಂಟು ಹುಟ್ಟುತ್ತವೆ,
ಕನ್ನಡಿಯ ಮುಂದೆ ಸರತಿ, ಪೌಡರು, ಬಾಯಿ ತುಂಬ ಪೇಸ್ಟು.
ರಾತ್ರಿಯೆಲ್ಲ ಒಬ್ಬರ ಗೊರಕೆ ಒಬ್ಬರು ಕೇಳಿದವರು
ಕಾಲರು ನೆಟ್ಟಗಾದದ್ದೇ
ಗುರುತಿಲ್ಲದವರಾಗುತ್ತಾರೆ.

ನಾನೂ ಸೀರೆ ಉಟ್ಟು ಬಂದೆ.
ಎದುರಿಗೆ ನಾಲ್ವರು, ನಾಲ್ವರಿಗೂ ಪೂರಾ ಪ್ಯಾಂಟು,
ಕೊರಳಲ್ಲಿ ಕಂಪನಿಯ ಪಟ್ಟಿ.
ಒಬ್ಬೊಬ್ಬರ ಮುಖ ನೋಡಿದೆ.
ರಾತ್ರಿ ನಾನು ಮುಖ ನೋಡಿರಲೇ ಇಲ್ಲ.
ಅವರಿಗೂ ನಾನು
ಆಗಷ್ಟೇ ಬಂದು ಕೂತ ಯಾರೋ ಸೀರೆಯವಳು.

ದಾದರು.
ಯಾರೋ ನನ್ನ ಚೀಲ ಇಳಿಸಿಕೊಟ್ಟರು,
ಯಾರೆಂದು ನೋಡುವಷ್ಟರಲ್ಲಿ ಚೀಲವೊಂದೇ ಇತ್ತು.
ಸೇತುವೆಯ ಮೆಟ್ಟಿಲ ಬುಡದಲ್ಲಿ ನಿಂತು
ಮೇಲೇರುವ ನೂರಾರು ಇಸ್ತ್ರಿ ಪ್ಯಾಂಟುಗಳ
ಎಡಗಾಲನ್ನೇ ನೋಡುತ್ತಿದ್ದೆ,
ಹೆಂಗಸಾದವಳು ನೋಡಬಾರದ ಹಾಗೆ,
ತುಂಬ ಹೊತ್ತು.