ಮೂಗಿನ ಪಾಲು

ಮೇಜಿನ ಮೇಲೆ ಮೂರು ಗ್ಲಾಸು.
ಕಾರ್ಕಿನ ಗಾಳಿ ಕಿಟಕಿ ಅಲುಗಿಸುತ್ತಿದೆ.

ಮೊದಲನೆಯದು ಮೆಕ್ಕೆಜೋಳದ್ದು:
ಹಗುರ, ಒಗೆದು ಒಣಗಿಸಿದ ಬಟ್ಟೆ;
ಗಂಟಲಲ್ಲಿ ನಿಲ್ಲದೆ ಹೊರಟೇಹೋಯಿತು.
ಎರಡನೆಯದು ಬರೀ ಮಾಲ್ಟು,
ಸೇಬಿನ ಸಿಪ್ಪೆ, ಜೇನು,
ಒಂದಿಷ್ಟು ಅತಿವಿನಯ.
ಮೂರನೆಯದು ಪಾಟ್ ಸ್ಟಿಲ್.
ಮೊಳೆತ ಬಾರ್ಲಿಯ ಜೊತೆ ಮೊಳೆಯದ ಹಸಿ ಬಾರ್ಲಿ;
ನಾಲಗೆಗೆ ಎಣ್ಣೆ ಸವರಿ, ಮೆಣಸು ಚಿಮುಕಿಸಿ
ಕೂತೇಬಿಟ್ಟಿತು,
ಹೊರಡುವ ಮಾತೇ ಆಡದ ನೆಂಟನ ಹಾಗೆ.

"ಇದೇ," ಎಂದಳು ಡಿಂಪ್ನಾ.

ಅಪ್ಪ ಟೂಹಿ, ನಲವತ್ತು ವರ್ಷ ಪೀಪಾಯಿ ಕಟ್ಟಿದವನು,
ಕೋಟಿನ ಮೇಲೆ
ಹದಿನಾರರಲ್ಲಿ ಮಾಡಿದ ಆಣೆಯ ಪಿನ್ನು:
ಒಂದು ಹನಿ ಮುಟ್ಟಿದವನಲ್ಲ.
ಗ್ಲಾಸೆತ್ತಿ ಮೂಸಿದ. ಇಟ್ಟ.
"ಶೆರ್ರಿ ಪೀಪಾಯಿ.
ಒಂದು ಹಲಗೆ ಸೋರುತ್ತಿತ್ತು, ನಾನೇ ಬದಲಿಸಿದ್ದೆ."

ಅವಳು ನಕ್ಕಳು. ಅವನು ನಗಲಿಲ್ಲ.
ಅವಳು ಬರಿದು ಮಾಡಿದ ಆ ಗ್ಲಾಸನ್ನು
ರಾತ್ರಿಯಿಡೀ
ತೊಳೆಯಲು ಬಿಡಲಿಲ್ಲ.