ಕಂದೀಲಿನ ಗಾಜು

ಇಣುಕಬೇಡ, ವಾನ್‌ಪೆಂಗ್. ನಿನ್ನ ನೆರಳು ಬಿದ್ದರೂ
ಅವನು ಗೂಡು ಬಿಟ್ಟು ಬಂದುಬಿಡುತ್ತಾನೆ.
ಬಾಗಿಲ ಹತ್ತಿರ ಕೂತುಕೋ, ಕಾಲು ಚಾಚು,
ಹೊತ್ತು ಹೋಗದಿದ್ದರೆ ರಟ್ಟು ಕತ್ತರಿಸು.
ಎಂಟುನೂರು ಸೀಸೆ, ಎಂಟುನೂರು ಗಂಡು,
ಒಬ್ಬನ ಮುಖ ಒಬ್ಬ ನೋಡಬಾರದು ನಮ್ಮಲ್ಲಿ.
ನೋಡಿದರೆ ಗಾಜಿಗೇ ಹಾಯ್ದು ಮೂತಿ ಕೆಡಿಸಿಕೊಳ್ಳುತ್ತಾರೆ.

ಹೆಣ್ಣುಗಳದು ಬೇರೆ. ಆ ಸಿಮೆಂಟು ತೊಟ್ಟಿಯಲ್ಲಿ
ನಲವತ್ತು ಜನ ಒಟ್ಟಿಗಿದ್ದಾರೆ.
ಜಗಳವೇ ಇಲ್ಲವೆಂದಲ್ಲ, ಹಂಚಿಹೋಗುತ್ತದೆ,
ಒಬ್ಬಳ ಪಾಲಿಗೆ ಒಂದು ಕಚ್ಚೂ ಪೂರ್ತಿ ಬರುವುದಿಲ್ಲ.

ಈ ಬಾನಿಯಲ್ಲಿ ಇಬ್ಬರೇ.
ಕಾಡುಬಾದಾಮಿಯ ಒಣಗಿದೆಲೆ ನೆನೆದು
ನೀರು ಚಹಾದ ಬಣ್ಣಕ್ಕೆ ತಿರುಗಿದೆ.
ನಡುವೆ ನಿಲ್ಲಿಸಿರುವುದು ಕಂದೀಲಿನ ಗಾಜು,
ಮೇಲೂ ಬಾಯಿ, ಕೆಳಗೂ ಬಾಯಿ.
ಅದರೊಳಗೆ ಅವಳು. ಸುತ್ತ ಅವನು.
ಮೊದಲ ದಿನ ಸುಮ್ಮನೆ ಮೆರೆಯುತ್ತಾನೆ,
ಕೆಂಪು ರೆಕ್ಕೆಯನ್ನೆಲ್ಲ ಬಿಚ್ಚಿ, ಕಿವಿರು ಕೊಡೆಯಾಗಿಸಿ.
ಅದನ್ನು ಪ್ರೀತಿ ಎಂದುಕೊಂಡು ಗಾಜು ಎತ್ತಿದವರು
ಬೆಳಿಗ್ಗೆ ಹೆಣ್ಣನ್ನು ಸೌಟಿನಲ್ಲಿ ಎತ್ತುತ್ತಾರೆ.
ನಾನೂ ಎತ್ತಿದ್ದೇನೆ. ಮದುವೆಯಾಗಿ ಬಂದ ವರ್ಷ,
ಒಂದೇ ವಾರದಲ್ಲಿ ಮೂರು.
ಅತ್ತೆ ಏನೂ ಅನ್ನಲಿಲ್ಲ.
ಒಂದು ತಿಂಗಳು ನನ್ನ ತಟ್ಟೆಗೆ ಮೀನು ಬಡಿಸಲಿಲ್ಲ, ಅಷ್ಟೆ.

ಅವನು ಮೆರೆಯುವುದು ಬಿಟ್ಟು ಕೆಲಸಕ್ಕಿಳಿಯಬೇಕು,
ಎಲೆಯಡಿ ಗುಳ್ಳೆಗೆ ಗುಳ್ಳೆ ಅಂಟಿಸಬೇಕು.
ಅವಳ ಮೈಮೇಲೆ ಮೇಲಿಂದ ಕೆಳಗೆ ಪಟ್ಟೆ ಮೂಡಬೇಕು,
ತಲೆ ತಗ್ಗಿಸಿ ಅವಳೇ ಗೂಡಿನ ಕಡೆ ತಿರುಗಬೇಕು.
ಆಮೇಲೂ ಗಾಜು ಎತ್ತಿದ ಕೈ ನೀರಿನ ಹತ್ತಿರವೇ ಇರಲಿ.

ಮೊಟ್ಟೆ ಉದುರುವಾಗ ನೋಡಬೇಕು ನೀನು.
ಅವನು ಅವಳನ್ನು ಸುತ್ತಿ, ಮಡಚಿ ಹಿಡಿಯುತ್ತಾನೆ,
ಗಳಿಗೆಹೊತ್ತು ಅವಳು ಸತ್ತಂತೆ ತೇಲುತ್ತಾಳೆ,
ರವೆಯಂಥ ಬಿಳಿ ಕಾಳು ಕೆಳಗಿಳಿಯುತ್ತದೆ,
ಅವನು ಹಿಂದೆಯೇ ಇಳಿದು ಒಂದೊಂದನ್ನೇ
ಬಾಯಲ್ಲಿ ಹೆಕ್ಕಿ ಮೇಲೊಯ್ದು ಗುಳ್ಳೆಯಲ್ಲಿಡುತ್ತಾನೆ.
ಪ್ಲಾ ಕಟ್, ಕಚ್ಚುವ ಮೀನು, ಅಂತಲ್ಲವೆ ನಾವು ಕರೆಯುವುದು?
ಆ ಬಾಯಿಯೇ ಇದು.
ಕೊನೆಯ ಕಾಳು ಮುಗಿದ ಕೂಡಲೆ ಅವಳನ್ನು ತೆಗೆದುಬಿಡು.
ಅವನು ಕೆಟ್ಟವನಾದ ಎಂದಲ್ಲ. ಅವಳಿಗೂ ಹಸಿವು;
ತನ್ನದೇ ಮೊಟ್ಟೆ ಎಂದು ನೋಡುವವಳಲ್ಲ.

ನಗಬೇಡ. ಪ್ರಯೂನನ ಜೊತೆ ಮೂವತ್ತೊಂದು ವರ್ಷ
ಹೇಗಿದ್ದೆ ಎಂದು ನಿನ್ನೆ ಕೇಳಿದೆಯಲ್ಲ, ಅಲ್ಲಿಗೇ ಬರುತ್ತಿದ್ದೇನೆ.
ರಾತ್ರಿಯೆಲ್ಲ ಅವನು ನಖೋನ್ ಪಥೋಮಿನಿಂದ
ಮೀನಿನ ಚೀಲ ತುಂಬಿದ ಲಾರಿಯಲ್ಲಿ
ಬ್ಯಾಂಕಾಕಿನ ಸಂತೆಗೆ. ಮರಳುವ ಹೊತ್ತಿಗೆ
ನಾನು ಕಾಲುವೆಯಲ್ಲಿ, ಸೊಂಟದ ತನಕ, ನೀರುಚಿಗಟ ಸೋಸುತ್ತ.
ಹಾಸಿಗೆ ಒಂದೇ.
ನಾನು ಎದ್ದ ಬಿಸುಪಿನಲ್ಲಿ ಅವನು ಮಲಗುತ್ತಿದ್ದ.

ಬೆನ್ನು ಹಿಡಿದುಕೊಂಡು ಅವನು ಮನೆಯಲ್ಲೇ ಕೂತ ಮಳೆಗಾಲ,
ಅಬ್ಬಾ, ಅನ್ನ ಬೆಂದದ್ದು ಹೆಚ್ಚಾಯಿತು, ಫ್ಯಾನು ಜೋರಾಯಿತು,
ನಾನು ಉಸಿರಾಡಿದ್ದೂ ಜೋರಾಯಿತು.
ಹನ್ನೊಂದನೆಯ ದಿನ ಅವನೇ ಅಂದ:
"ಲಮ್ಯಾಯ್, ಒಂದು ರಟ್ಟು ತಾ."

ಅಕ್ಕಿ ಗಿರಣಿಯ ಹಳೆ ಕ್ಯಾಲೆಂಡರು ನಾಲ್ಕು ಸೇರಿಸಿ ಹೊಲಿದು
ಕೋಣೆಯ ನಡುವೆ ತೂಗುಹಾಕಿದೆ.
ಆ ಕಡೆ ರೇಡಿಯೊ, ಈ ಕಡೆ ನಾನು.
ಸಂಜೆ ಕಾಗದದಾಚೆಯಿಂದ ಎರಡು ಸಲ ತಟ್ಟುತ್ತಿದ್ದ.
ಹಸಿವೋ ಬೇಸರವೋ, ಕೇಳಲಿಲ್ಲ,
ತಿರುಗಿ ಎರಡು ಸಲ ತಟ್ಟುತ್ತಿದ್ದೆ.
ಕೆಲವು ರಾತ್ರಿ ಅದನ್ನು ಮೇಲಕ್ಕೆ ಸುತ್ತಿ ಕಟ್ಟುತ್ತಿದ್ದೆವು.
ಕೆಲವು ರಾತ್ರಿ ಇಲ್ಲ.

ಇದರಿಂದ ನಿನ್ನ ಸಂಸಾರಕ್ಕೆ ಬುತ್ತಿ ಕಟ್ಟಿಕೊಳ್ಳಬೇಡ,
ನಾನು ಮೀನು ಸಾಕುವವಳು.
ಬಾ, ಈಗ ಮೆಲ್ಲಗೆ ಬಾ.
ಗುಳ್ಳೆ ಅಂಗೈಯಗಲ ಆಗಿದೆ.
ಅವಳ ಪಟ್ಟೆ?
ಟಾರ್ಚು ಹಾಕಬೇಡ. ಕಣ್ಣಲ್ಲೇ ನೋಡು.
ಇನ್ನೂ ಮಾಸಲೇ? ಸರಿ,
ರಟ್ಟು ಕತ್ತರಿಸುತ್ತಿರು.