ಹದಿನಾಲ್ಕನೇ ಫೈಲು

ಕೊಪ್ಪಳದ ಕಾಲೇಜಿನ ಮ್ಯಾಲಿನ ಲ್ಯಾಬಿನಾಗ
ಕಿಟಕಿಗೆ ಕರಿ ಚಾದರ ಹೊಡೆದು
ಪ್ರೊಜೆಕ್ಟರ್ ಹಚ್ಚಿದ್ದೆ.
ತೀರ್ಪುಗಾರರು ಮೂವರು, ಒಂದು ತಾಟು ಮಿರ್ಚಿ,
ಇಪ್ಪತ್ತೆರಡು ಪೆನ್‌ಡ್ರೈವು.
ಒಂದೊಂದು ಕಿರುಚಿತ್ರ ಆರು ನಿಮಿಷ, ಮೀರುವಂಗಿಲ್ಲ.

ನಿಯಮದ ಹಾಳಿ ಬರೆದಾಂವ ನಾನೇ.
ಐದನೇ ಸಾಲು: ಎಂಪಿಫೋರ್ ಮಾತ್ರ.
ಆರನೇದು: ನಮ್ಮ ಪ್ಲೇಯರಿನಲ್ಲಿ ಆಡದಿದ್ದರೆ
ಪರಿಗಣಿಸುವುದಿಲ್ಲ.
ಬರೆಯುವಾಗ ಕೈ ನಡುಗಿರಲಿಲ್ಲ.

ಹದಿಮೂರು ಹೆಂಗೋ ಆಡಿದವು.
ಒಂದರಾಗ ಮಾರಿಗಳೆಲ್ಲ ಅಡ್ಡಕ್ಕ ಎಳೆದು ಕುಂಬಳಕಾಯಿ,
ಇನ್ನೊಂದರಾಗ ತುಟಿ ಮುಂದ, ಮಾತು ಹಿಂದ,
ಜಗಳ ಮುಗಿದ ಮ್ಯಾಲ ಬೈಗುಳ ಬಂತು.
ಅಮರೇಗೌಡ್ರು ನಕ್ಕು ನಕ್ಕು
ಅದಕ್ಕ ಎರಡು ಮಾರ್ಕು ಹೆಚ್ಚಿಗೆನ ಕೊಟ್ಟರು.

ಹದಿನಾಲ್ಕನೇದು ಭಾಗ್ಯನಗರದ್ದು.
ಹುಲಿಗೆಮ್ಮ ಬಾರಕೇರ, ಡಿಗ್ರಿ ಎರಡನೇ ವರ್ಷ.
ಫೈಲಿನ ಹೆಸರು: ಕೂದಲು ಕಡೇದು ಇದೇ ಕಡೇದು.
ಒತ್ತಿದೆ.
ಪರದೆ ಕರಿ.
ಕರಿ ಹಿಂದಿಂದ ಸಪ್ಪಳ ಮಾತ್ರ ಶುರುವಾತು.

ಸರ್ರ್, ಸರ್ರ್,
ಒಣ ಸೊಪ್ಪಿನ ಮ್ಯಾಲ ಮಳಿ ಬಿದ್ದಂಗ.
ಯಾವಾಕಿನೋ ಎಣಿಸ್ತಾಳ: ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು,
ಬೆಸ ಸಂಖ್ಯೆ ಇದಾವು ಅನ್ನೋದ ಗೊತ್ತಿಲ್ಲದಾಕಿಗತೆ.
ಒಂದು ಕೆಮ್ಮು. ಬಳಿ. ರೈಲು.
ರೈಲು ದಾಟೋತನಕ ಎಣಿಕಿ ನಿಂತು
ಮತ್ತ ಇಪ್ಪತ್ತನಾಕರಿಂದ.

ಬಂದ್ ಮಾಡಿ ಮತ್ತ ಹಚ್ಚಿದೆ. ಕರಿ.
ಬ್ಯಾರೆ ಪ್ಲೇಯರು. ಕರಿ.
ಮೂರನೇದು ನಾಕು ಹಸಿರು ಚೌಕ ತೋರಿಸಿ ಸತ್ತುಹೋತು.
"ಎಂಪಿಫೋರ್ ಅಂತ ಐತಲ್ಲ?" ಅಂದರು ಜೈನಾಬಿ ಮೇಡಂ.
ಹೆಸರು ಐತ್ರಿ.
ಗಂಗಾವತಿ ಮಿಲ್ಲಿನ ಚೀಲದಾಗ ನವಣಿ ತುಂಬಿ
ಬಾಯಿ ಹೊಲಿದಂಗ ಐತಿ.
ಹೊಸ ತಳಿ ಕಾಳು, ಸಣ್ಣದು, ಗಟ್ಟಿ;
ಕಾಲೇಜಿನ ಮುದುಕ ಕಂಪ್ಯೂಟರಿಗೆ
ಒಡಿಯೋ ಹಲ್ಲಿಲ್ಲ.

ಫೋನ್ ಹಚ್ಚಿದೆ.
"ನಮ್ಮ ಮೊಬೈಲಿನಾಗ ಆಡ್ತೈತ್ರಿ ಸರ."
ಎಲ್ಲಾರದೂ ಅವರವರ ಮೊಬೈಲಿನಾಗ ಆಡ್ತೈತಿ, ತಂಗಿ.
ಅಂದುಕೊಂಡೆ, ಅನ್ನಲಿಲ್ಲ.
"ಹೆಸರಿನ ಬಾಲ ತಿದ್ದಿದೇನವಾ?"
ಒಂದು ಗಳಿಗಿ ಸುಮ್ಮನ. ಆಮ್ಯಾಲ,
"ಹಾಳ್ಯಾಗ ಹಂಗ ಬರದಿದ್ರಲ್ರೀ."

ಛಾಯಾಗ್ರಹಣ, ಇಪ್ಪತ್ತಕ್ಕ: ಮೂವರೂ ಗೆರಿ ಎಳೆದರು.
ಧ್ವನಿ, ಹತ್ತಕ್ಕ: ಮೇಡಂ ಒಂಬತ್ತು ಬರೆದು
ನನ್ನ ಮಾರಿ ನೋಡಿ ಹೊಡೆದುಹಾಕಿದರು.
ಷರಾ ಮನಿಯಾಗ ನಾನು ಬರೆದೆ: ಆಡಲಿಲ್ಲ.
ಹದಿನೈದನೇದು ಡ್ಯಾಮಿನ ಮ್ಯಾಲ ಡ್ರೋನು,
ಎಣ್ಣಿ ಹಚ್ಚಿದಂಗ ಆಡಿತು.

ರಾತ್ರಿ ಮನ್ಯಾಗ ಕುಂತು
ಆ ಫೈಲನ್ನ ಹಳೇ ತಳಿಗೆ ತಿರುವಾಕ ಹಾಕಿದೆ.
ಶೇಕಡಾ ಹನ್ನೊಂದು. ಊಟ ಆತು.
ಶೇಕಡಾ ಅರವತ್ತು. ತಾಟು ತೊಳೆದಿಟ್ಟೆ.
ಅಷ್ಟರಾಗ ತಲ್ಯಾಗ ನನ್ನದೊಂದು ಸಿನಿಮಾ ತಯಾರಿತ್ತು:
ಮುದುಕಿ, ಹಿತ್ತಲು, ಮಳಿ, ಎಮ್ಮಿ ಎಣಿಕಿ.

ಬಿಚ್ಚಿತು.
ಹಿತ್ತಲಿಲ್ಲ, ತಗಡಿನ ಶೆಡ್ಡು.
ಹಲಗಿ ತುಂಬ ಗೇಣುದ್ದ ಮಳಿ ಬಡಿದಾರ,
ಅದರ ಮ್ಯಾಲ ಯಾವುದೋ ಊರಿನ ಯಾರದೋ ಜಡಿ ಬೀಸಿ ಎಳಿತಾರ.
ಸರ್ರ್.
ನಮ್ಮ ಕಡೆ ಎರಡಕ್ಕೂ ಮಳಿನ ಅಂತೀವಿ,
ನಾ ತಪ್ಪು ಮಳಿ ಕೇಳಿದ್ದೆ.
ಎಣಿಸಾಕಿ ಮುದುಕಿ ಅಲ್ಲ, ಇಪ್ಪತ್ತರ ಹುಡುಗಿ,
ತನ್ನ ಎಳಿ ಒಂದೂ ಕೂಡಬಾರದಂತ ತಲಿಗೆ ವಸ್ತ್ರ ಬಿಗಿದಾಳ.
ಎರಡೆರಡು ಇಂಚಿಗೆ ಒಂದು ಕಟ್ಟು;
ಬೆಸಕ್ಕ ಗಿರಾಕಿಲ್ಲ.
ರೈಲು ಬಂತು.
ಕ್ಯಾಮೆರಾ ರೈಲಿನ ಕಡೆ ಹೊಳ್ಳಲೇ ಇಲ್ಲ.
ಹಗ್ಗಕ್ಕ ತೂಗಿಬಿಟ್ಟ ನೂರು ಕೂದಲ ಕಟ್ಟು
ಮೆಲ್ಲಕ ಅಲುಗಿದವು, ಅಲುಗಿದವು,
ನಿಂತವು.

ಮಾರ್ಕಿನ ಹಾಳಿ ಲಕೋಟಿ ಸೇರಿ ಅರಗು ಬಿದ್ದೈತಿ.
ಮುಂದಿನ ವರ್ಷದ ನಿಯಮ ತೆರೆದು
ಆರನೇ ಸಾಲು ಅಳಿಸಿದೆ, ಹೊಸದಾಗಿ ಹೊಡೆದೆ:
ಆಡದಿದ್ದರೆ
ಮುಂದ ಏನು ಬರೀಬೇಕೋ ತಿಳೀವಲ್ದು.

ಇನ್ನೊಮ್ಮೆ ಹಚ್ಚಿದೆ, ಮೊದಲಿಂದ.
ಒಳಗಿಂದ ನಮ್ಮಾಕಿ ಎದ್ದು ಕೂಗಿದಳು:
"ಮಳಿ ಬಂತೇನ್ರಿ?
ಅರಿವಿ ಮಾಳಗಿ ಮ್ಯಾಲ ಅದಾವು."